ಕುಂಕುಮ ಮಾತ್ರ ಕೆಂಪು

ಡಾಟ್‌ಕಾಮ್ ಕಂಪನಿಗಳಲ್ಲಿ ಎಲ್ಲರೂ ಬೆವರು ಸುರಿಸಿ ದುಡಿಯುತ್ತಾರೆಂದು ಊರಿನವರು ನಂಬಿದ್ದ ಕಾಲದಲ್ಲಿ ನಾನು ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಫೋಟೋಗಳ ಬಣ್ಣ ಕೀಳುತ್ತಿದ್ದೆ. ಇಡೀ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಒಂದೇ ಒಂದು ವಸ್ತುವಿಗೆ ಬಣ್ಣ ಉಳಿಸುವ ಹುಚ್ಚು ಹಿಡಿದಿತ್ತು. ನಮ್ಮ ಕಾರು, ಹೆಂಡತಿಯ ಛತ್ರಿ, ತಟ್ಟೆಯಲ್ಲಿದ್ದ ಟೊಮೇಟೊ, ಯಾವುದನ್ನೂ ಬಿಡಲಿಲ್ಲ.

ಆಗ ಪರದೇಶದಲ್ಲಿ, ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿದ್ದ ನಮ್ಮ ಮನೆಗೆ ಮೈಸೂರಿನಿಂದ ಅತ್ತೆ ಬಂದಿದ್ದರು, ಆರು ತಿಂಗಳಿಗೆ. ಐದು ತಿಂಗಳು ಕಳೆದರೂ ಅವರ ಬಾಯಿಂದ ನನಗೊಂದು ‘ಪರವಾಗಿಲ್ಲ’ ಕೂಡ ಬಿದ್ದಿರಲಿಲ್ಲ. ನಾನು ಮಾಡಿದ ಕಾಫಿ ನೀರು, ಕಾರು ಓಡಿಸಿದರೆ ತಲೆಸುತ್ತು. ಅವರು ವಿಮಾನ ಹತ್ತುವುದರೊಳಗೆ ಒಂದು ಹೊಗಳಿಕೆ ಗಿಟ್ಟಿಸಲೇಬೇಕೆಂದು ಹಟ ತೊಟ್ಟೆ.

ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಅವರದೇ ಫೋಟೋ ಆರಿಸಿದೆ. ಸೀರೆ, ಓಲೆ, ಮುಡಿದ ಹೂವು ಎಲ್ಲ ಕಪ್ಪು-ಬಿಳುಪು. ಹಣೆಯ ಕುಂಕುಮ ಮಾತ್ರ ಕೆಂಪು. ದೊಡ್ಡದಾಗಿ ಪ್ರಿಂಟು ತೆಗೆಸಿ, ಕಟ್ಟು ಹಾಕಿಸಿ, ಅವರು ಅಡುಗೆಮನೆಯಲ್ಲಿದ್ದಾಗ ಹಾಲ್‌ನ ಗೋಡೆಗೆ ನೇತುಹಾಕಿದೆ.

ಎರಡು ತಿಂಗಳು ಊರಲ್ಲಿದ್ದು ಆಗಷ್ಟೇ ಮರಳಿದ್ದ ಉಡುಪಿಯ ನೆರೆಮನೆಯಾಕೆಯನ್ನು ಕಾರಣ ಹೇಳದೆ ಊಟಕ್ಕೆ ಕರೆದಿದ್ದೆವು. ಆಕೆ ಫೋಟೋ ನೋಡಿದವರೇ ಚಪ್ಪಲಿ ಬಿಟ್ಟು ಕೈಮುಗಿದರು. ತಂದಿದ್ದ ಹೂಗಳನ್ನು ಅದರ ಕೆಳಗಿಟ್ಟರು.

“ಯಾವಾಗ ಆದದ್ದು? ನಮಗೆ ಗೊತ್ತೇ ಆಗ್ಲಿಲ್ಲ ಮಾರಾಯ್ರೆ,” ಅಂತ ತಗ್ಗಿದ ದನಿಯಲ್ಲಿ ಕೇಳಿದರು.

ತೀರಿಕೊಂಡವರ ಕಪ್ಪು-ಬಿಳುಪು ಫೋಟೋ ದೊಡ್ಡದು ಮಾಡಿಸಿ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ ಇಡುವುದು ನಮ್ಮಲ್ಲಿ ಮನೆಮನೆಯ ಪದ್ಧತಿ ಎಂಬುದು ನನ್ನ ಮಂಡೆಗೆ ಆಗ ಹೊಳೆಯಿತು. ಅಷ್ಟರಲ್ಲಿ ಅತ್ತೆ ಪಾಯಸದ ಸೌಟು ಹಿಡಿದೇ ಹೊರಗೆ ಬಂದರು. ನೆರೆಮನೆಯಾಕೆ ಸೋಫಾದ ಮೇಲೆ ಕುಸಿದರು. ನನಗಂತೂ ಭೂಮಿ ಬಾಯ್ಬಿಡಬಾರದೇ ಅನಿಸಿತು.

ಅತ್ತೆ ಫೋಟೋದ ಮುಂದೆ ಬಂದು ನಿಂತರು. ಬೆರಳಿನಿಂದ ಕುಂಕುಮ ಮುಟ್ಟಿ ನೋಡಿದರು.

“ಚೆನ್ನಾಗಿದೆ,” ಅಂದರು. “ಈಗ ಇಳಿಸಿ, ಪ್ಯಾಕ್ ಮಾಡ್ಕೊಡಿ ಅಳಿಯಂದ್ರೇ. ಊರಿಗೆ ತಗೊಂಡು ಹೋಗ್ತೀನಿ. ನನ್ನ ಗಂಡುಮಕ್ಕಳಿಗೆ ಬಿಟ್ರೆ ರೇಷನ್ ಕಾರ್ಡಿನ ಫೋಟೋನೇ ದೊಡ್ಡದು ಮಾಡ್ಸಿ ಹಾರ ಹಾಕ್ಬಿಡ್ತಾರೆ.”

ಕಾದು ಕಾದು ಕೊನೆಗೂ ಸಿಕ್ಕಿದ ಹೊಗಳಿಕೆ. ಆದರೆ ಆ ಫೋಟೋ ಬೇಕಾಗುವ ದಿನ ಬಾರದೇ ಇರಲಿ ಎಂದು ಪ್ಯಾಕ್ ಮಾಡುವಾಗ ನಿಜವಾಗಿಯೂ ಬೇಡಿಕೊಂಡೆ. ಟೇಪನ್ನು ಅಗತ್ಯಕ್ಕಿಂತ ಹೆಚ್ಚೇ ಸುತ್ತಿದೆ.