ಹೀಟರ್ ರಿಪೇರಿಗೆ ಮಳವಳ್ಳಿಗೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಮಂಡ್ಯ ಬಿಟ್ಟೆವು. ನಾನು, ನನ್ನ ಹೆಂಡತಿ ಸರೋಜ, ಮತ್ತು ನನಗಿಂತ ನಾಲ್ಕೇ ವರ್ಷ ಚಿಕ್ಕದಾದ ನಮ್ಮ ಹಳೇ ಕಾರು. ಕಾರ್ತಿಕದ ಚಳಿ ಎಂಬುದು ಹೆಸರಿಗೆ ಮಾತ್ರ. ಎಂಟಕ್ಕೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು. ಇಂಥ ಊರಿನಿಂದ ಕಾರಿನ ಹೀಟರ್ ರಿಪೇರಿಗೆಂದು ಹೊರಟವನು ಬಹುಶಃ ನಾನೊಬ್ಬನೇ ಇರಬೇಕು.

ವಿಷಯ ಇಷ್ಟೇ. ನಮ್ಮ ಮಗಳು ಊಟಿಯಲ್ಲಿ ನರ್ಸು. ತಿಂಗಳ ಕೊನೆಗೆ ಅವಳಿಗೆ ಹೆರಿಗೆ. ಸರೋಜಳಿಗೆ ಚಳಿಗಾಳಿ ತಾಗಿದರೆ ಉಬ್ಬಸ. ಹೋದ ವರ್ಷ ಇದೇ ಕಾರಿನಲ್ಲಿ ಹೊರಟು, ಘಾಟಿಯಲ್ಲಿ ಅವಳ ಉಸಿರು ಕಟ್ಟಿ, ಮಗಳ ಮುಖ ನೋಡದೆ ವಾಪಸು ಬಂದಿದ್ದೆವು. ‘ಹೀಟರ್ ಇದೆ, ಯಾಕೆ ಹೆದರ್ತೀಯ’ ಅಂದಿದ್ದವನು ನಾನೇ. ಹೀಟರ್ ಇತ್ತು, ಸುಳ್ಳಲ್ಲ. ಆದರೆ ಕಾರು ಕೊಂಡ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅದನ್ನು ಹಾಕಿ ನೋಡಿರಲಿಲ್ಲ. ಮಂಡ್ಯದಲ್ಲಿದ್ದುಕೊಂಡು ಯಾರು ಹಾಕುತ್ತಾರೆ?

ಈ ಸಲ ಸರೋಜ ಶುಕ್ರವಾರಕ್ಕೆ ಟ್ಯಾಕ್ಸಿ ಗೊತ್ತು ಮಾಡಿಬಿಟ್ಟಿದ್ದಳು. “ನೀವು ನಿಮ್ಮ ಕಾರಲ್ಲೇ ಬನ್ನಿ. ನಾನು ಇದರಲ್ಲಿ ಮತ್ತೆ ಘಾಟಿ ಹತ್ಬೇಕಾದ್ರೆ ಹೀಟರ್ ಉರಿಯೋದನ್ನ ಕಣ್ಣಾರೆ ನೋಡ್ಬೇಕು,” ಅಂದಳು. ಮೊಮ್ಮಗುವನ್ನು ನೋಡಲು ಗಂಡ ಹೆಂಡತಿ ಎರಡು ಗಾಡಿಯಲ್ಲಿ ಹೋಗುವುದೇ? ನೆನೆಸಿಕೊಂಡರೇ ಸಂಕಟವಾಗುತ್ತಿತ್ತು.

ಹಳೇ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಮದ್ದೂರು ತಲುಪಿದೆವು. ಕಾಫಿ ಕುಡಿದು, ವಡೆ ಕಟ್ಟಿಸಿಕೊಂಡು ಬಂದು ಬಾನೆಟ್ ತೆಗೆದೆ. ಹೀಟರಿನದು ದೊಡ್ಡ ವಿದ್ಯೆಯೇನಲ್ಲ. ಎಂಜಿನ್ನಿನಲ್ಲಿ ಕಾದ ನೀರು, ನಡುವೆ ನಲ್ಲಿಯಿರುವ ಒಂದು ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಪುಟ್ಟ ರೇಡಿಯೇಟರಿಗೆ ಹೋಗುತ್ತದೆ, ಇನ್ನೊಂದರಲ್ಲಿ ವಾಪಸು ಬರುತ್ತದೆ. ಅದರ ಮೇಲೆ ಫ್ಯಾನ್ ಗಾಳಿ ಬೀಸಿದರೆ ಒಳಗೆ ಬೆಚ್ಚಗಾಗುತ್ತದೆ. ಫ್ಯಾನ್ ಚೆನ್ನಾಗಿಯೇ ತಿರುಗುತ್ತಿತ್ತು, ಗಾಳಿ ಮಾತ್ರ ತಣ್ಣಗೆ. ಸರೋಜ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಇಡ್ಲಿ ಪಾತ್ರೆ ಮುಟ್ಟಿ ನೋಡುವವಳಂತೆ ಪೈಪುಗಳನ್ನು ತಟ್ಟಿತಟ್ಟಿ ನೋಡಿದಳು.

“ಈ ನಲ್ಲಿವರೆಗೂ ಬಿಸಿ ಇದೆ, ಆಚೆ ತಣ್ಣಗಿದೆ. ನಲ್ಲಿ ತೆರ್ಕೊಂಡೇ ಇಲ್ಲ ಕಣ್ರೀ.”

ನಾನು ಎರಡು ದಿನ ಕೂತು ಫ್ಯಾನ್ ಬಿಚ್ಚಿ ಒರೆಸಿದ್ದೆ. ಆ ಮಾತು ಎತ್ತಲಿಲ್ಲ.

ಮದ್ದೂರಿನಿಂದ ಮಳವಳ್ಳಿ ರಸ್ತೆ ಹಿಡಿದೆವು. ಕೆ.ಎಂ. ದೊಡ್ಡಿಯವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ, ಮಳವಳ್ಳಿ ಸೇರುವಾಗ ಹತ್ತೂಕಾಲು. ಮೆಕ್ಯಾನಿಕ್ ಪುಟ್ಟಸ್ವಾಮಿಗೆ ಎಪ್ಪತ್ತು ದಾಟಿದೆ. ಈ ಕಾರನ್ನು ಹಿಂದಿನ ಮಾಲೀಕರ ಕಾಲದಿಂದಲೂ ಬಲ್ಲವನು. ವಿಷಯ ಕೇಳಿ ನಕ್ಕುಬಿಟ್ಟ.

“ಈಟ್ರಾ ಸಾ? ನಮ್ ಕಡೆ ಈಟರ್ ಯಾಕೆ, ಕಾಲ್ ಬೇಯಿಸ್ಕೊಳ್ಳಾಕಾ?”

ಊಟಿಯೆಂದು, ಹೋದ ವರ್ಷ ಘಾಟಿಯಿಂದಲೇ ವಾಪಸಾದದ್ದನ್ನು ಹೇಳಿದ ಮೇಲೆ ಕೈ ಹಾಕಿದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ನಲ್ಲಿಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಿದ. ಈಗ ಎರಡೂ ಪೈಪು ಉಗುರುಬೆಚ್ಚಗಾದವು, ಅಷ್ಟೇ. ಪುಟ್ಟಸ್ವಾಮಿ ತಲೆ ಕೆರೆದುಕೊಂಡ. ಆಮೇಲೆ ಸರೋಜಳ ಕಡೆ ತಿರುಗಿ, “ತಪ್ಪು ನಂದೇ ಕಣಮ್ಮ,” ಅಂದ.

ಎಂಜಿನ್ ನೀರು ಕಾಯುವವರೆಗೆ, ಅದನ್ನು ತಣಿಸುವ ದೊಡ್ಡ ರೇಡಿಯೇಟರಿನ ದಾರಿ ಮುಚ್ಚಿಟ್ಟು, ಕಾದ ಮೇಲೆ ಬಿಡುವ ಪುಟ್ಟ ಬಾಗಿಲೊಂದಿರುತ್ತದೆ. ಥರ್ಮೋಸ್ಟಾಟ್ ಅನ್ನುತ್ತಾರೆ. ಅದಿಲ್ಲದಿದ್ದರೆ ನೀರು ಬೇಕಾದಷ್ಟು ಕಾಯುವುದೇ ಇಲ್ಲ.

“ಈ ಬಿಸ್ಲಲ್ಲಿ ಮೊದ್ಲೇ ಎಂಜಿನ್ ಕಾದು ಸಾಯ್ತದೆ, ಈ ಬಾಗ್ಲು ಬೇರೆ ಯಾಕೆ ಅಂತ ಬಂದ್ ಬಂದ್ ಕಾರ್ದೆಲ್ಲ ಕೀಳ್ತಿದ್ದೆ. ಎಸಿಯಾಕೆ ಮನ್ಸ್ ಬರನಿಲ್ಲ.”

ಬಿಸ್ಕತ್ತಿನ ಡಬ್ಬವೊಂದನ್ನು ತಂದು ಸುರಿದ. ಅಬ್ಬಾ! ಇಡೀ ತಾಲ್ಲೂಕಿನ ಕಾರುಗಳ ಥರ್ಮೋಸ್ಟಾಟುಗಳು ಅದರಲ್ಲಿದ್ದವು. ನಮ್ಮ ಕಾರಿಗೆ ಹೊಂದುವ ಅಳತೆಯವು ನಾಲ್ಕು ಸಿಕ್ಕವು. ಪಕ್ಕದ ಟೀ ಅಂಗಡಿಯ ಒಲೆಯ ಮೇಲೆ ಪಾತ್ರೆಯಿಟ್ಟು ಒಂದೊಂದಾಗಿ ನೀರಿಗೆ ಹಾಕಿದೆವು. ಮೂರು ಮಿಸುಕಲಿಲ್ಲ. ನಾಲ್ಕನೆಯದು ನೀರು ಮರಳುವ ಹೊತ್ತಿಗೆ ಮೆಲ್ಲಗೆ ಬಾಯಿ ತೆರೆಯಿತು. ನಾನು ಚಿಕ್ಕ ಮಗುವಿನ ಹಾಗೆ ಕೂಗಿಬಿಟ್ಟೆ.

ಅದನ್ನು ಕೂರಿಸಿದರೂ ಗಾಳಿ ತಣ್ಣಗೇ ಬಂತು. “ಪೈಪಲ್ಲಿ ಗಾಳಿ ಸೇರ್ಕೊಂಡದೆ ಸಾ, ಮೂತಿ ಮೇಲಾಗ್ಬೇಕು,” ಎಂದು ಕೆರೆ ಏರಿಯ ಇಳಿಜಾರಿನಲ್ಲಿ ಕಾರನ್ನು ಮೂತಿ ಮೇಲಾಗಿ ನಿಲ್ಲಿಸಿದ. ಎಂಜಿನ್ ಆರಿದ ಮೇಲೆ ದೊಡ್ಡ ರೇಡಿಯೇಟರಿನ ಮುಚ್ಚಳ ತೆಗೆದು, ನೀರು ತುಂಬಿ, ಮತ್ತೆ ಚಾಲೂ ಮಾಡಿ ಪೈಪನ್ನು ಹಿಸುಕತೊಡಗಿದ. ಹಿಸುಕುತ್ತಲೇ, ಹೋದ ಸಲ ಏನಾಯ್ತಮ್ಮ ಎಂದು ಸರೋಜಳನ್ನು ಕೇಳಿದ.

“ಉಸಿರು ಸಿಕ್ತಿರಲಿಲ್ಲ ಕಣಪ್ಪ. ಕಾರು ತಿರುಗ್ಸಿ ಅಂತ ಮೂರು ಸಲ ಅಂದೆ. ಇವರು ‘ಇನ್ನೊಂದೇ ತಿರುವು, ಇನ್ನೊಂದೇ ತಿರುವು’ ಅಂತ ಹತ್ತಿಸ್ತಾನೇ ಹೋದ್ರು.”

ಪುಟ್ಟಸ್ವಾಮಿ ನನ್ನ ಮುಖ ನೋಡಲಿಲ್ಲ. “ಅದ್ಕೆ ನನ್ ತಾವ ಸಾಮಾನಿಲ್ಲ, ಬುಡಿ,” ಅಂದ.

ಆ ಮಾತನ್ನು ಅವಳು ಮನೆಯಲ್ಲಿ ಒಂದು ಸಲವೂ ಆಡಿರಲಿಲ್ಲ. ನನಗೆ ನಾಚಿಕೆಯಾಯಿತು. ಆ ದಿನ ಅವಳ ದನಿ ನನಗೆ ಕೇಳಿಸಿತ್ತು, ಕೇಳಿಸಿಯೂ ಹತ್ತಿಸಿದ್ದೆ. ಅಷ್ಟರಲ್ಲಿ ಗುಳುಗುಳು ಎಂದು ಗುಳ್ಳೆಗಳೆದ್ದವು. ಒಳಗಿನಿಂದ ಮೊದಲು ದೂಳು, ಆಮೇಲೆ ಯಾವ ಕಾಲದ್ದೋ ಭತ್ತದ ಹೊಟ್ಟು, ಕೊನೆಗೆ ಬಿಸಿಬಿಸಿ ಗಾಳಿ ಹಾರಿಬಂತು.

ಮಧ್ಯಾಹ್ನ ಹನ್ನೆರಡೂವರೆಗೆ ವಾಪಸು ಹೊರಟೆವು. ಪರೀಕ್ಷೆಯೆಂದರೆ ಪರೀಕ್ಷೆ: ಗಾಜು ಏರಿಸಿ ಹೀಟರ್ ಹಾಕಿಯೇ ಓಡಿಸಿದೆ. ಮುಖದಿಂದ ಬೆವರು ಧಾರೆ. ಎದುರು ಬಂದ ಬಸ್ಸಿನವರು ನಮ್ಮನ್ನು ಹುಚ್ಚರೆಂದುಕೊಂಡಿರಬೇಕು.

“ಈಗ ಬರ್ತೀಯಾ?” ಎಂದೆ. ಅವಳು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು.

ಮದ್ದೂರಿಗೆ ಇನ್ನು ಐದು ಕಿಲೋಮೀಟರ್ ಇತ್ತು. ಹೊಟ್ಟೆ ತಾಳ ಹಾಕುತ್ತಿತ್ತು. ಇದ್ದಕ್ಕಿದ್ದಂತೆ ಸರೋಜ, “ತಿರುಗ್ಸಿ,” ಅಂದಳು.

ಯಾಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಏನು ಮರೆತೆ, ಮದ್ದೂರು ಇಲ್ಲೇ ಇದೆಯಲ್ಲ, ಊಟ ಮಾಡಿ ನೋಡೋಣ. ಎಲ್ಲವನ್ನೂ ನುಂಗಿಕೊಂಡೆ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿಗೆ ದಾರಿ ಕೊಟ್ಟು, ಎರಡು ಸಲ ಹಿಂದೆ ಮುಂದೆ ಮಾಡಿ, ಕಾರಿನ ಮೂತಿಯನ್ನು ಮಳವಳ್ಳಿ ಕಡೆಗೆ ತಿರುಗಿಸಿ ಹೊರಟೆ. ಒಂದು ಮೈಲಿ ಹೋದೆವು. ಎರಡು ಮೈಲಿ ಹೋದೆವು. ಕಾರಣ ಕೇಳದೆ ಓಡಿಸುತ್ತಲೇ ಇದ್ದೆ.

“ಸಾಕು. ಮನೆಗೆ ನಡೀರಿ,” ಅಂದಳು.

ಮತ್ತೆ ತಿರುಗಿಸಿದೆ. ಸರೋಜ ಹೀಟರ್ ಆರಿಸಿ, ಗಾಜು ಇಳಿಸಿ, ಚೀಲದಿಂದ ಫೋನ್ ತೆಗೆದು, ಶುಕ್ರವಾರ ಬರುವುದು ಬೇಡವೆಂದು ಟ್ಯಾಕ್ಸಿಯವನಿಗೆ ಹೇಳಿದಳು.