ಕಂಪನಿ ಬೂಟಿನೊಳಗಿನ ಕಾಲು

ಕಾಲಿನ ಅಳತೆ ತೆಗೆದು ಬೂಟು ಹೊಲಿಯುತ್ತಿದ್ದುದರಿಂದ ಬೀದಿಗೆಲ್ಲ ಅಳತೆ ಮಾವ ಎನಿಸಿಕೊಂಡವರ ಅಂಗಡಿಯನ್ನು ಮುಚ್ಚಿಸಿದವಳು ಅವರ ಮಗಳೇ ಎಂದು ಬೀದಿಯೆಲ್ಲ ಮಾತು. ವಿದೇಶಿ ಕಂಪನಿಯ ಬೂಟಿನ ಮಳಿಗೆಯಲ್ಲಿ ಕೆಲಸ ಸಿಕ್ಕಿದ್ದೇ ತಡ, ಅಪ್ಪ ಹೊಲಿದ ಬೂಟನ್ನು ಅವಳು ಕಸದ ಡಬ್ಬಿಗೆ ಎಸೆದಳಂತೆ. ಆ ಅವಮಾನಕ್ಕೇ ಮಾವ ಬೀಗ ಜಡಿದರಂತೆ.

ಆಡಿಕೊಳ್ಳುವವರಿಗೆ ಅವಳ ಕಾಲು ಗೊತ್ತಿಲ್ಲ. ಹುಟ್ಟಿನಿಂದಲೇ ಅವಳ ಬಲಪಾದ ಒಳಕ್ಕೆ ತಿರುಚಿಕೊಂಡಿದೆ. ಎಡಪಾದಕ್ಕಿಂತ ಎರಡು ಬೆರಳಷ್ಟು ಗಿಡ್ಡ. ವರ್ಷಕ್ಕೊಮ್ಮೆ ಮಾವ ಆ ಪಾದದ ಮರದ ಅಚ್ಚನ್ನು ಹೊಸದಾಗಿ ಕೆತ್ತಿ, ಅದರ ಮೇಲೆ ತೊಗಲೆಳೆದು ಬೂಟು ಹೊಲಿಯುತ್ತಿದ್ದರು. ಮುಖ ನೋಡಿ ಸ್ವಂತ ಷಡ್ಡಕನನ್ನೇ ಗುರುತಿಸದ ಮನುಷ್ಯ, ಕಾಲು ಕಂಡರೆ ಮೂರು ತಲೆಮಾರಿನ ವಂಶಾವಳಿ ಒಪ್ಪಿಸುತ್ತಾರೆ ಎಂದು ಅವರ ಹೆಂಡತಿ ಬದುಕಿದ್ದಾಗ ಗೇಲಿ ಮಾಡುತ್ತಿದ್ದರು. ಆದರೆ ಆ ಮಳಿಗೆ ತೆರೆದ ಮೇಲೆ ಜನರ ಕಾಲುಗಳೆಲ್ಲ ಆರು, ಏಳು, ಎಂಟು ಎಂಬ ಅಂಕಿಗಳಾದವು. ಕೂತು ಅಳತೆ ಕೊಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮನೆ ನಡೆಯಬೇಕಾದರೆ ಮಗಳು ದುಡಿಯಲೇಬೇಕಿತ್ತು. ದುಡಿಮೆ ಇದ್ದದ್ದು ಅಲ್ಲಿ ಮಾತ್ರ. ಅಲ್ಲಿ ಕೆಲಸ ಮಾಡುವವರು ಕಂಪನಿಯ ಬೂಟನ್ನೇ ತೊಡಬೇಕೆಂಬುದು ಕಟ್ಟುನಿಟ್ಟು.

ಮಾವ ಸೋಲೊಪ್ಪಲಿಲ್ಲ. ಕಂಪನಿ ಕೊಟ್ಟ ಜೋಡಿಯ ಹೊಲಿಗೆ ಬಿಚ್ಚಿ, ಬಲಗಾಲಿನದನ್ನು ಅವಳ ಅಚ್ಚಿನ ಮೇಲೆ ಮರುಹೊಲಿದು, ಕಂಪನಿಯ ಬಿಳಿ ಗುರುತನ್ನು ಕೂದಲೆಳೆಯಷ್ಟೂ ಕದಲಿಸದೆ ಕೂರಿಸಿದರು. ಹನ್ನೊಂದು ದಿನ ಹಿಡಿಯಿತು. ಮೂರು ತಿಂಗಳು ಅವಳು ನೋವಿಲ್ಲದೆ ನಿಂತಳು.

ಕಂಟಕ ಬಂದದ್ದು ಹೊಗಳಿಕೆಯ ರೂಪದಲ್ಲಿ. ಗಿರಾಕಿಯೊಬ್ಬಳು ತನಗೂ ಈ ಹುಡುಗಿ ಹಾಕಿಕೊಂಡಂಥದ್ದೇ, ಕಾಲಿಗೆ ಹೀಗೆ ಹೊಂದಿಕೊಂಡು ಕೂರುವಂಥದ್ದೇ ಬೇಕೆಂದು ಹಟ ಹಿಡಿದಳು. ಕಪಾಟಿನಲ್ಲಿದ್ದ ಯಾವುದೂ ಹಾಗೆ ಕೂರಲಿಲ್ಲ. ಮ್ಯಾನೇಜರು ಮಾವನ ಮಗಳ ಬೂಟು ಬಿಚ್ಚಿಸಿ ಒಳಗೆ ಬೆರಳಾಡಿಸಿದ. ಕಂಪನಿಯ ಮಾಲು ಕೆಡಿಸಿದ ತಪ್ಪಿಗೆ ಕ್ಷಮಾಪಣೆ ಬರೆಸಿಕೊಂಡು, ಹೊಸ ಜೋಡಿ ಕೈಗಿತ್ತು, ಇದನ್ನು ಹಾಕಿಕೊಳ್ಳಲಾಗದಿದ್ದರೆ ನಾಳೆಯಿಂದ ಬರುವುದೇ ಬೇಡವೆಂದ. ಮಾವನ ಹನ್ನೊಂದು ದಿನಗಳ ಕೆಲಸವನ್ನು ಕತ್ತರಿಸಿ ಕಸಕ್ಕೆ ಹಾಕಿದವನು ಅವನೇ.

"ಬಿಟ್ಟಾಕು ಮಗಳೇ," ಎಂದರು ಮಾವ. "ಅಂಗಡೀಲಿ ಬಂದು ಕೂತ್ಕೋ. ಇಬ್ರೂ ಸೇರಿ ನೋಡ್ಕೊಳ್ಳೋಣ."

"ನೋಡ್ಕೊಳ್ಳೋಕೆ ಅಲ್ಲೇನಿದೆ? ನೊಣ ಬಿಟ್ರೆ ಯಾರಪ್ಪಾ ಬರ್ತಾರೆ?" ಅವಳು ತಲೆಯೆತ್ತದೆ ಹೊಸ ಬೂಟಿನ ತುದಿಗೆ ಹತ್ತಿ ತುರುಕುತ್ತಿದ್ದಳು. "ನನ್ನ ಕಾಲು ನೆಟ್ಟಗಿದ್ದಿದ್ರೆ ನಾನೂ ನಿನ್ನ ಅಂಗಡೀಗೆ ಬರ್ತಿರ್ಲಿಲ್ಲ."

ಅವಳು ಸಿಟ್ಟಿನಿಂದ ಆಡಿದ್ದಲ್ಲ, ಇದ್ದದ್ದನ್ನೇ ಹೇಳಿದ್ದಳು ಎಂಬುದು ಮಾವನಿಗೆ ಗೊತ್ತಿತ್ತು. ಮುಂದಿನ ವಾರ ಅಂಗಡಿ ಖಾಲಿ ಮಾಡಿದರು.

ಈಗ ಅವರು ಅದೇ ಮಳಿಗೆಯ ನೆಲಮಾಳಿಗೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸುತ್ತಾರೆ. ಮಗಳು ಮೇಲಿನ ಮಹಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುತ್ತಾಳೆ. ಅವಳ ಬಲಗಾಲಿನ ಎರಡು ಬೆರಳುಗಳಿಗೆ ಈಗ ಸ್ಪರ್ಶಜ್ಞಾನವೇ ಇಲ್ಲ. ನಿಲ್ಲುವ ಕೆಲಸ ಬಿಡಬೇಕೆಂದು ವೈದ್ಯರು ಹೇಳಿದ್ದಾರೆ. ಅವಳು ಬಿಟ್ಟಿಲ್ಲ.