ಬಾಗಿಲು ತೆಗೆಯುವವರು

ಕಟ್ಟಡಗಳ ಸುರಕ್ಷತೆಯ ಬಗ್ಗೆ ಜನ ಕೊಡುವ ದೂರುಗಳೆಲ್ಲ ಬಂದು ಸೇರುವ ಸರ್ಕಾರಿ ಡ್ಯಾಶ್‌ಬೋರ್ಡ್ ಒಂದಿತ್ತು. ಅದಕ್ಕೆ ಹೊಸ ವಿನ್ಯಾಸ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಿರುಕು ಬಿಟ್ಟ ಗೋಡೆ, ವಾಲಿದ ಮಹಡಿ, ಊರಿನ ಭಯವೆಲ್ಲ ಆ ಪರದೆಯ ಮೇಲೆ ಕೆಂಪು ಚುಕ್ಕೆಗಳಾಗಿ ಕೂತಿರುತ್ತಿತ್ತು. ಶಿವಾಜಿನಗರದ ಕಚೇರಿಯಲ್ಲಿ ಸಾಹೇಬರು ಮೊದಲ ದಿನವೇ ಹೇಳಿಬಿಟ್ಟರು: “ನೋಡಿ ಮೇಡಂ, ಕೆಂಪು ಜಾಸ್ತಿ ಕಾಣ್ಬಾರ್ದು. ಮೇಲಿನೋರು ನಮಗೆ ಬೈತಾರೆ.” ಬಣ್ಣ ಬದಲಿಸಿದರೆ ಬಿರುಕು ಮುಚ್ಚುತ್ತದೆಯೇ ಎಂದು ಕೇಳುವ ಬಾಯಿ ನನ್ನದು. ಅಂದು ಹೇಗೋ ತಡೆದುಕೊಂಡೆ.

ಹಳೆಯ ದೂರುಗಳನ್ನು ಓದುತ್ತಾ ಹೋದೆ. ಮುಗಿದವು ಎಂದು ಹಸಿರಾಗಿದ್ದವುಗಳಲ್ಲಿ ಬಹುಪಾಲಿಗೆ ಒಂದೇ ಷರಾ: “ಬೀಗ ಹಾಕಿತ್ತು.” ಎಂಜಿನಿಯರು ಹಗಲಲ್ಲಿ ಹೋಗುತ್ತಾರೆ, ಮನೆಯವರು ದುಡಿಯಲು ಹೋಗಿರುತ್ತಾರೆ, ಇವರು ಬೀಗದ ಫೋಟೊ ತೆಗೆದು ದೂರು ಮುಗಿಸುತ್ತಾರೆ. ಬೀಗ ಹಾಕಿದ ಮನೆ ಬೀಳುವುದಿಲ್ಲ ಎಂದು ಇವರಿಗೆ ಯಾರು ಹೇಳಿದರೋ! ಹಲಸೂರಿನ ಪುಟದಲ್ಲಿ ಹಿಂದೆ ನಾನೇ ಕೊಟ್ಟಿದ್ದ ದೂರು ಸಿಕ್ಕಿತು. ನನ್ನ ಬಾಡಿಗೆ ಮನೆಯಲ್ಲಿ, ಮಂಚದ ನೇರಕ್ಕೆ, ತಾರಸಿಯ ಗಾರೆ ಉದುರಿ ಕಂಬಿ ಕಾಣುತ್ತಿತ್ತು. ಅದರಡಿಯೇ ಮಲಗುತ್ತಿದ್ದೆ; ಮಂಚ ಸರಿಸಲು ಬೇರೆ ಜಾಗವಿರಲಿಲ್ಲ. ಫೋಟೊದಲ್ಲಿ ನನ್ನ ಬಾಗಿಲು, ನನ್ನ ಬೀಗ, ಪಕ್ಕದಲ್ಲಿ ಹಸಿರು ಚುಕ್ಕೆ. ದೀಪದ ಬುಡದಲ್ಲೇ ಕತ್ತಲು.

ಕೆ.ಆರ್. ಪುರದ ಒಂದು ವಠಾರದ ದೂರುಗಳು ಮಾತ್ರ ಹೀಗೆ ಮುಗಿದಿರಲಿಲ್ಲ. ಯಾಕೆಂದು ನೋಡಲು ಹೋದೆ. ಅಲ್ಲಿದ್ದವರೆಲ್ಲ ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರು. ಒಬ್ಬ ಹೆಂಗಸು ಚಹಾ ಕೊಟ್ಟು ನಕ್ಕಳು. “ನಾವು ಕೆಲಸಕ್ಕ ಹೋದ್ರ ಏನಾತ್ರಿ ಅಕ್ಕಾ? ಕೀಲಿಕೈ ಬಾಜೂ ಮನಿಯಾಕಿ ಹತ್ರ ಇರ್ತದ. ಆಕಿ ತೆಗದು ತೋರಸ್ತಾಳ. ನಿಮ್ದು ಯಾರ ಹತ್ರ ಇರ್ತದ್ರಿ?”

“ಬ್ಯಾಗಲ್ಲೇ ಇರುತ್ತೆ” ಎಂದೆ. ಅವಳು ಇನ್ನಷ್ಟು ಚಹಾ ಬಗ್ಗಿಸಿದಳು.

ಮರಳಿ ಬಂದು ಹೊಸ ದೂರಿನಲ್ಲಿ ಒಂದು ಜಾಗ ಸೇರಿಸಿದೆ: “ನೀವಿಲ್ಲದಾಗ ಬಾಗಿಲು ತೆಗೆಯುವವರು.” ಅದನ್ನು ತುಂಬದೆ ದೂರು ಮುಂದಕ್ಕೆ ಹೋಗುವುದಿಲ್ಲ. ಬೀಗದ ನೆಪ ಹೇಳಿ ಮುಗಿಸುವ ದಾರಿಯನ್ನೇ ತೆಗೆದುಹಾಕಿದೆ. ಸಾಹೇಬರು ಗೊಣಗಿದರು, ಆಮೇಲೆ ಒಪ್ಪಿದರು. ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ನನ್ನ ದೂರನ್ನೇ ಮತ್ತೆ ದಾಖಲಿಸಲು ಕೂತೆ. ಆ ಜಾಗಕ್ಕೆ ಬಂದು ನಿಂತೆ.

ಫೋನಿನಲ್ಲಿ ಹೆಸರುಗಳಿಗೇನೂ ಬರವಿರಲಿಲ್ಲ. ಮಾರತ್ತಹಳ್ಳಿಯಲ್ಲಿ ಜೊತೆಗೆ ಕೆಲಸ ಮಾಡಿದವರು, ಕಲ್ಯಾಣ ನಗರದ ಕಾಲೇಜು ಗೆಳತಿ. ನನ್ನ ಬಾಗಿಲು ಯಾವ ಬಣ್ಣದ್ದೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಖಾಲಿ ಬಿಟ್ಟು ಒತ್ತಿದೆ. “ಇದನ್ನು ತುಂಬಲೇಬೇಕು” ಎಂದು ನಾನೇ ಬರೆದಿಟ್ಟ ಎಚ್ಚರಿಕೆ ಬಂತು. ಆ ಜಾಗವನ್ನೇ ಕಿತ್ತುಹಾಕಲು ನನಗೆ ಎರಡು ನಿಮಿಷ ಸಾಕಿತ್ತು. ಹಾಗೆ ಮಾಡಿದ್ದರೆ ದುಡಿಯಲು ಹೋಗುವವರ ಮನೆಗಳಿಗೆಲ್ಲ ಮತ್ತೆ ಬೀಗದ ಫೋಟೊವೇ ಗತಿಯಾಗುತ್ತಿತ್ತು. ಅಳು ಬಂತು. ಅತ್ತೆ.

ಭಾನುವಾರ ಬೆಳಿಗ್ಗೆ ನನ್ನ ಮನೆಯ ಇನ್ನೊಂದು ಬೀಗದ ಕೈ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಆ ಮನೆಯ ಒಗ್ಗರಣೆ, ಜಗಳ, ಪೂಜೆಯ ಗಂಟೆ ಎಲ್ಲವೂ ಗೋಡೆಯಾಚೆಯಿಂದಲೇ ನನಗೆ ಪರಿಚಯ. ನಡುವಯಸ್ಸಿನ ಒಬ್ಬಾಕೆ ಬಾಗಿಲು ತೆರೆದರು.

“ಯಾರ್ ಬೇಕಮ್ಮ?”

“ನಾನು ಪಕ್ಕದ ಮನೆಯವಳು.”

“ಪಕ್ಕದ್ದಾ? ಅಯ್ಯೋ, ಅದು ಖಾಲಿ ಇದೆ ಅಂತಲ್ವಾ ನಾವು ಅಂದ್ಕೊಂಡಿದ್ದು! ಯಾವಾಗ ಬಂದ್ರಿ?”

ಮೂರು ವರ್ಷವಾಯಿತು ಎನ್ನಲು ನಾಲಿಗೆ ಏಳಲಿಲ್ಲ.

“ಮೊನ್ನೆ ಬಂದೆ” ಎಂದೆ.